ಕನ್ನಡಿಯಿಲ್ಲದ ಕ್ಯಾಮರಾ

ಕಳೆದ ವಾರ ನಮ್ಮ ತಂದೆಯವರ ಕ್ಯಾಮರಾವನ್ನು ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟುಬಿಟ್ಟೆ. ೧೯೬೬ರಲ್ಲಿ ಜಪಾನಿನಲ್ಲಿ ಹೊರಬಂದ ಯಾಷಿಕಾ ಎಲೆಕ್ಟ್ರೊ ೩೫ ಎಂಬ ಮಾದರಿ ಅದು. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿಯ ತಯಾರಿಕೆ ನಿಂತು ಬಹುಕಾಲವಾಯಿತು. ಕೃಷ್ಣರಾಜನಗರದಲ್ಲಿ ನನಗೆ ಪರಿಚಯವಿದ್ದ ಸ್ಟುಡಿಯೋದವರು ಫಿಲ್ಮು ತೊಳೆಯುವುದನ್ನೇ ಬಿಟ್ಟರು. ಆದರೆ ನಿಜವಾದ ಕಾರಣ ಬೇರೆ. ರೇಂಜ್‌ಫೈಂಡರ್ ಕ್ಯಾಮರಾದ ಕಿಂಡಿಯ ನಡುವೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಮಸೂರದ ಉಂಗುರವನ್ನು ತಿರುಗಿಸಿ ಎರಡನ್ನೂ ಒಂದಾಗಿಸಿದರೆ ದೂರ ಹೊಂದಿತೆಂದು ಅರ್ಥ. ಚಾಳೀಸು ಬಂದ ನನ್ನ ಕಣ್ಣಿಗೆ, ಹಳತಾಗಿ ಮಸುಕಾದ ಆ ಕಿಂಡಿಯಲ್ಲಿ, ಎರಡೂ ಒಂದಾದದ್ದು ಈಗ ತಿಳಿಯುವುದಿಲ್ಲ.

ಸಾಹಿತ್ಯವು ಸಮಾಜದ ಕನ್ನಡಿ ಎಂದು ತರಗತಿಯಲ್ಲಿ ನಾನೂ ಹೇಳಿದ್ದೇನೆ. ಆ ಮಾತನ್ನು ಸಂಶಯಿಸಲು ಕಲಿಸಿದ್ದು ಈ ಕ್ಯಾಮರಾ. ಎಸ್‌ಎಲ್‌ಆರ್ ಕ್ಯಾಮರಾಗಳಲ್ಲಿ ಮಸೂರ ಕಂಡದ್ದನ್ನೇ ಕಣ್ಣಿಗೆ ಮುಟ್ಟಿಸುವ ಕನ್ನಡಿಯುಂಟು. ಚಿತ್ರ ಮೂಡುವ ಗಳಿಗೆಯಲ್ಲಿ ಅದು ಮೇಲೇಳುವುದರಿಂದ ಕಣ್ಣಿಗೆ ಕ್ಷಣಕಾಲ ಕತ್ತಲೆ. ನನ್ನದರಲ್ಲಿ ಆ ಕನ್ನಡಿಯಿಲ್ಲ; ಕಣ್ಣಿಗೆ ಬೇರೆಯೇ ಕಿಂಡಿ. ಅದರಲ್ಲಿ ಬೆಳಕಿನ ಗೆರೆಗಳ ಚೌಕಟ್ಟು, ಚೌಕಟ್ಟಿನಾಚೆಯ ಲೋಕವೂ ಅಷ್ಟಿಷ್ಟು. ಎಡತೊರೆಯ ಅರ್ಕೇಶ್ವರನ ಗುಡಿಯ ಬಳಿ, ಕಾವೇರಿಯಲ್ಲಿ ಮೀಯುವವರನ್ನು ಚೌಕಟ್ಟಿಗೆ ತಂದಾಗ, ಪಕ್ಕದಲ್ಲಿ ಬಟ್ಟೆ ಒಗೆಯುವವಳೂ ಕಾಣುತ್ತಿದ್ದಳು. ಅವಳನ್ನು ಬಿಟ್ಟೆನಾದರೆ ಅರಿತೇ ಬಿಟ್ಟೆ. ಕೃತಿಕಾರನ ಹೊಣೆಯಿರುವುದು ಇಲ್ಲಿಯೇ ಅಲ್ಲವೆ? ಕನ್ನಡಿ ಆರಿಸುವುದಿಲ್ಲ, ಆದ್ದರಿಂದ ಅದಕ್ಕೆ ಹೊಣೆಯೂ ಇಲ್ಲ.

ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ತಮ್ಮ ನೆನಪುಗಳಿಗೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಅದು ಅವರ ವಿನಯ. ಅವರ ಚಿತ್ರಗಳು ಆ ಹೆಸರನ್ನು ಮೀರಿದವು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ಯುನಿಸೆಫ್ ಸಂಸ್ಥೆ ಅವರ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಅವರು ತೆಗೆದ ಎಷ್ಟೋ ಮಕ್ಕಳ ಚಿತ್ರಗಳಲ್ಲಿ ಬಡತನವಿದೆ; ಆದರೆ ಅದು ಮಗುವನ್ನು ಮರೆಮಾಡಿ ಮುಂದೆ ಬರುವುದಿಲ್ಲ, ಕರುಣೆಯನ್ನು ಬೇಡುವುದೂ ಇಲ್ಲ. ಇದು ಕನ್ನಡಿಯಿಂದ ಆಗುವ ಕೆಲಸವಲ್ಲ, ವಿವೇಕದಿಂದ ಆಗುವ ಕೆಲಸ. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದದ್ದು ಇದನ್ನೇ ಎಂದರೆ ತಪ್ಪಾಗಲಾರದು.

ಕನ್ನಡಿಯಿಲ್ಲದ್ದರಿಂದ ಅಪಾಯವೂ ಉಂಟು. ಒಮ್ಮೆ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಹದಿನೈದು ಚಿತ್ರ ತೆಗೆದೆ. ಜೋಡೆತ್ತುಗಳು, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿಗಳು, ಕಿಂಡಿಯಲ್ಲಿ ಎಲ್ಲವೂ ನಿಚ್ಚಳ. ಮಸೂರದ ಮುಚ್ಚಳವನ್ನು ಮಾತ್ರ ತೆಗೆದಿರಲಿಲ್ಲ! ವಿಮರ್ಶೆ ಬರೆಯಲು ಕುಳಿತಾಗಲೆಲ್ಲ ಆ ಖಾಲಿ ಫಿಲ್ಮು ನೆನಪಾಗುತ್ತದೆ. ಕೃತಿ ನನಗೆ ಚೆನ್ನಾಗಿ ಕಂಡಿತೆಂಬ ತೃಪ್ತಿ ಸಾಲದು. ಅದರ ಬೆಳಕು ನನ್ನೊಳಗೆ ಬಿದ್ದಿತೆ ಎಂದು ಕೇಳಿಕೊಳ್ಳಬೇಕು.

ತಂದೆಯವರ ಕೈಬೆವರಿಗೆ ಕಪ್ಪಾದ ತೊಗಲಿನ ಚೀಲವನ್ನಾದರೂ ಇಟ್ಟುಕೊಳ್ಳೋಣವೆಂದಿದ್ದೆ. ಕಡೆಗೆ ಅದನ್ನೂ ಕೊಟ್ಟೆ. ಹುಡುಗ ಕಿಂಡಿಗೆ ಕಣ್ಣಿಟ್ಟು, ಬಾಗಿಲಲ್ಲಿ ನಿಂತ ನನ್ನ ಕಡೆ ಹಿಡಿದು, ಉಂಗುರವನ್ನು ಮೆಲ್ಲಗೆ ತಿರುಗಿಸಿದ.

“ಒಂದಾಯ್ತು ಸಾರ್” ಎಂದ.

ಅವನ ಕಣ್ಣನ್ನು ನಂಬಿದೆ.