ಮುತ್ತಲಕ್ಕೆ ತಲೆ ಎತ್ತಿದವರು ಹಾವಸೆಗೆ ಬಗ್ಗಬೇಕು

ಮುತ್ತಲ ಹೂ ಬಿಟ್ಟ ದಿನಗಳಲ್ಲಿ ಹಾನಗಲ್ಲಿನಿಂದ ಆಡೂರಿನ ಕಡೆ ಬರುವವರು ಬೈಕು ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಹೊರಟುಬಿಡುತ್ತಾರೆ. ಬಣ್ಣಕ್ಕೆ ಮಾತ್ರ ಮರುಳಾಗುವ ಈ ರಸಿಕತೆ ನನಗೆ ಸೇರುವುದಿಲ್ಲ. ಉದುರಿದ ಒಂದು ಹೂವನ್ನಾದರೂ ಎತ್ತಿಕೊಳ್ಳಿ. ಮಖಮಲ್ಲಿನಂಥ ಕಪ್ಪು ಬಟ್ಟಲನ್ನು ಮುಟ್ಟಿ. ಗಿಣಿಕೊಕ್ಕಿನಂತೆ ಬಾಗಿದ ಎಸಳನ್ನು ಬಿಡಿಸಿದರೆ ಒಳಗೆ 10 ಕೇಸರ ಇವೆ: 9 ಕೂಡಿಕೊಂಡಿವೆ, 1 ಬೇರೆ ನಿಂತಿದೆ. ಮುತ್ತಲದ ಬಗ್ಗೆ ಇಷ್ಟು ಸಾಕು, ಅದಕ್ಕೆ ಅಭಿಮಾನಿಗಳ ಕೊರತೆ ಇಲ್ಲ.

ನನ್ನ ಮಾತು ಹಾವಸೆಯದು. ಅದನ್ನು ಪಾಚಿ ಎನ್ನಬೇಡಿ, ಪಾಚಿ ಬೇರೆಯೇ ಜಾತಿ. ಗೋಡೆ, ಬಂಡೆಗಳ ಮೇಲೆ ಸಿಗುವ ಹಯೋಫಿಲಾ ಇನ್ವೊಲುಟಾ ಎಂಬ ಹಾವಸೆಯ ದಂಟು ಒಂದು ಸೆಂಟಿಮೀಟರ್ ದಾಟುವುದು ಅಪರೂಪ. ಬಿಸಿಲಿಗೆ ಅದರ ಎಲೆಗಳು ಅಂಚನ್ನು ಒಳಕ್ಕೆ ಸುರುಳಿ ಸುತ್ತಿಕೊಂಡು ಕಂದುಗಟ್ಟುತ್ತವೆ. ಹೆಸರಿನಲ್ಲಿರುವ ‘ಇನ್ವೊಲುಟಾ’ ಹೇಳುವುದೂ ಇದನ್ನೇ. ಒಂದು ಏಪ್ರಿಲ್ ಮಧ್ಯಾಹ್ನ ಹಿತ್ತಲ ಕಲ್ಲುಗೋಡೆಗೆ ನಾನು ಕೈ ತೊಳೆದ ನೀರು ಸಿಡಿಯಿತು. ಸತ್ತದ್ದೆಂದುಕೊಂಡಿದ್ದ ಕಂದು ಪುಡಿ ನೋಡನೋಡುತ್ತಿದ್ದಂತೆ ಬಿಚ್ಚಿಕೊಂಡು ಹಸಿರು ನಕ್ಷತ್ರಗಳಾಯಿತು. ಅಂದಿನಿಂದ ನನ್ನ ಜೇಬಿನಲ್ಲಿ ಹತ್ತು ಪಟ್ಟಿನ ಭೂತಗನ್ನಡಿ ಇದೆ.

ಮುತ್ತಲಕ್ಕೆ ಆಳದ ಬೇರಿದೆ, ನೀರೇರಿಸುವ ಕೊಳವೆಗಳಿವೆ. ಹಾವಸೆಗೆ ಬೇರೂ ಇಲ್ಲ, ಅಂಥ ಕೊಳವೆಯೂ ಇಲ್ಲ. ನಡುನರ ಬಿಟ್ಟರೆ ಎಲೆ ಬಹುತೇಕ ಒಂದೇ ಜೀವಕೋಶದಷ್ಟು ತೆಳು, ಮೈಯೆಲ್ಲ ನೀರು ಕುಡಿಯುತ್ತದೆ. ಮುತ್ತಲದ ಪರಾಗವನ್ನು ಸೂರಕ್ಕಿ ಹೊತ್ತೊಯ್ಯುತ್ತದೆ. ಹಾವಸೆಯ ಗಂಡುಕಣವೋ ನೀರಿನ ಪೊರೆಯಲ್ಲಿ ಈಜಿಯೇ ಹೆಣ್ಣನ್ನು ಮುಟ್ಟಬೇಕು. ಒಂದು ತೊಟ್ಟು ಮಳೆಯೇ ಅದಕ್ಕೆ ಹೊಳೆ. ಇದು ತಿಳಿದ ಮೇಲೆ ಮುತ್ತಲದ ಕೆಂಪು ನನಗೆ ಇನ್ನೂ ಹೆಚ್ಚಾಗಿ ಕಂಡಿತು: ಮಳೆಯ ಹಂಗಿಲ್ಲದೆ, ಎಲೆ ಉದುರಿಸಿದ ಬೋಳು ಕೊಂಬೆಯ ಮೇಲೆ ಹಕ್ಕಿಯನ್ನು ಕರೆಯುವ ಕೆಂಪು ಅದು.

ಬಾದಾಮಿ ಚಾಲುಕ್ಯರ ಶಾಸನಗಳಿರುವ ಊರು ನಮ್ಮ ಆಡೂರು. ಕಲ್ಲಿನ ಅಕ್ಷರ ಓದಲು ಬರುವವರು ಅದೇ ಶ್ರದ್ಧೆಯಿಂದ ಕಲ್ಲಿನ ಹಸಿರನ್ನೂ ಓದಲಿ. ಮಾರ್ಚಿನಲ್ಲಿ ಬನ್ನಿ, ಮುತ್ತಲವನ್ನು ಕಣ್ತುಂಬ ನೋಡಿ. ಆಮೇಲೆ ಯಾವುದಾದರೂ ಹಳೇ ಗೋಡೆಯ ಮುಂದೆ ಮಂಡಿಯೂರಿ, ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ. ಕೆರೆದು ಮಾತ್ರ ತೆಗೆಯಬೇಡಿ.