ಕಿವಿಯಲ್ಲಿ ಬೆರಳಿಟ್ಟು ಓಡಿದ ಯಾತ್ರಿಕ

ನಮ್ಮ ಹಿರಿಯರ ಮನೆಗಳಲ್ಲಿ ಸತ್ಯವೇದ ಹಾಗೂ ಕೀರ್ತನೆಗಳ ಪುಸ್ತಕದ ಪಕ್ಕದಲ್ಲಿ ಮೂರನೆಯದಾಗಿ ಸ್ಥಾನ ಪಡೆದಿದ್ದ ಗ್ರಂಥ ‘ಯಾತ್ರಿಕನ ಸಂಚಾರ’. ಇಂಗ್ಲೆಂಡಿನ ಜಾನ್ ಬನಿಯನ್ನನು 1678ರಲ್ಲಿ ಪ್ರಕಟಿಸಿದ ಈ ಕೃತಿಯು 1840ರ ದಶಕದಲ್ಲಿ ಬಾಸೆಲ್ ಮಿಷನ್ನಿನವರ ಪರಿಶ್ರಮದಿಂದ ಕನ್ನಡಕ್ಕೆ ಬಂದಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಪ್ರಕಟವಾಗುವುದಕ್ಕೆ ಅರ್ಧ ಶತಮಾನ ಮೊದಲೇ ಕನ್ನಡಿಗರ ಕೈಗೆ ದೊರೆತ ದೀರ್ಘ ಗದ್ಯಕಥೆಯಿದು. ಬಾಲ್ಯದಲ್ಲಿ ಕಥೆಯೆಂದು ಓದಿದ್ದ ಈ ಗ್ರಂಥವನ್ನು ಇತ್ತೀಚೆಗೆ ಮತ್ತೆ ತೆರೆಯುವಂತೆ ಮಾಡಿದ್ದು ಒಂದು ಕಾಲ್ನಡಿಗೆ.

ಲೆಂಟ್ ಕಾಲದಲ್ಲಿ ನಾವು ಕೆಲವರು ಗುಬ್ಬಿಯಿಂದ ನಿಟ್ಟೂರು, ಕೆ.ಬಿ. ಕ್ರಾಸ್ ಮಾರ್ಗವಾಗಿ ತಿಪಟೂರಿಗೆ ಪ್ರಾರ್ಥನಾಪೂರ್ವಕವಾಗಿ ನಡೆದೆವು. ಸುಮಾರು 50 ಕಿಲೋಮೀಟರ್ ದೂರ, ಎರಡು ದಿನಗಳ ನಡಿಗೆ. ಗುಬ್ಬಿಯಿಂದಲೇ ಹೊರಟಿದ್ದಕ್ಕೆ ಕಾರಣವಿತ್ತು. 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ನರು ಸೇವೆ ಮಾಡಿದ ಊರದು. 1839ರಲ್ಲಿ ಭಾರತಕ್ಕೆ ಬಂದ ತರುಣ ವಿಲಿಯಂ ಆರ್ಥರರೂ ಅಲ್ಲಿ ನೆಲೆಸಿ, ಸುತ್ತಲಿನ ಹಳ್ಳಿಗಳನ್ನು ಸಂಚರಿಸಿ, ಕಣ್ಣಿನ ಬಾಧೆಯಿಂದ 1841ರಲ್ಲಿ ಸ್ವದೇಶಕ್ಕೆ ಮರಳಿದರು. ಅವರು ಆ ಅನುಭವವನ್ನು 1847ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅವರು ಕಂಡ ನಾಡಿನಲ್ಲಿ ನಾವೂ ಹೆಜ್ಜೆ ಹಾಕಬೇಕೆಂಬುದು ನಮ್ಮ ಆಶೆಯಾಗಿತ್ತು. ನನ್ನ ಚೀಲದಲ್ಲಿ ಬನಿಯನ್ನನ ಪುಸ್ತಕವಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯಿದ್ದರು.

ಗ್ರಂಥದ ಮಹಿಮೆಯನ್ನು ಮೊದಲು ಹೇಳಬೇಕು. ಬೆನ್ನ ಮೇಲೆ ಹೊರೆ, ಕೈಯಲ್ಲಿ ಪುಸ್ತಕ ಹಿಡಿದ ಒಬ್ಬ ಸಾಮಾನ್ಯ ಮನುಷ್ಯನನ್ನು ಬನಿಯನ್ ಕಥಾನಾಯಕನನ್ನಾಗಿ ಮಾಡಿದನು. ಅವನು ರಾಜನಲ್ಲ, ಋಷಿಯಲ್ಲ. ಕೆಸರಿನಲ್ಲಿ ಹೂತುಹೋಗುತ್ತಾನೆ, ದಾರಿ ತಪ್ಪುತ್ತಾನೆ, ನಿದ್ರಿಸಿ ತನ್ನ ಪತ್ರವನ್ನು ಕಳೆದುಕೊಳ್ಳುತ್ತಾನೆ. ಶಿಲುಬೆಯ ಬಳಿ ಆ ಹೊರೆ ತಾನಾಗಿ ಕಳಚಿ ಉರುಳುವ ಪ್ರಸಂಗವನ್ನು ಓದಿ ಹಗುರಾಗದ ಹೃದಯವಿಲ್ಲ. ಯಾತ್ರೆಯೆಂಬುದು ಒಂದು ಪುಣ್ಯಕ್ಷೇತ್ರಕ್ಕೆ ಹೋಗಿಬರುವುದು ಮಾತ್ರವಲ್ಲ, ಜೀವಮಾನವೆಲ್ಲ ನಡೆಯುವುದೇ ಯಾತ್ರೆ ಎಂಬ ತಿಳುವಳಿಕೆಯನ್ನು ನಮ್ಮ ಸಭೆಗಳಲ್ಲಿ ಬೇರೂರಿಸಿದ್ದರಲ್ಲಿ ಈ ಗ್ರಂಥದ ಪಾಲು ದೊಡ್ಡದು.

ಆದರೆ ತೆಂಗಿನ ತೋಟಗಳ ನಡುವೆ ನಡೆಯುತ್ತಾ ಓದಿದಾಗ ಎರಡು ಕೊರತೆಗಳು ನನಗೆ ತೋರಿದವು. ಮೊದಲನೆಯದು, ಬನಿಯನ್ನನ ಯಾತ್ರಿಕನಿಗೆ ಹಾದುಹೋಗುವ ಲೋಕವು ಬಹುಮಟ್ಟಿಗೆ ಅಪಾಯವೇ ಆಗಿದೆ. ಅಲ್ಲಿನ ಸಂತೆಯು ವ್ಯರ್ಥತೆಯ ಸಂತೆ. ಅದು ಅವನ ಸಂಗಡಿಗನನ್ನು ಕೊಲ್ಲುತ್ತದೆ. ನಾವು ತಲುಪಿದ ತಿಪಟೂರೂ ಸಂತೆಯ ಊರೇ. ಇಲ್ಲಿನ ರೈತರು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಇಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಾಗ ಅದು ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಬರುತ್ತದೆ. ಒಂದು ಮನೆಯ ಮದುವೆ, ಮಕ್ಕಳ ವಿದ್ಯೆ, ತೀರಿಸಬೇಕಾದ ಸಾಲ ಎಲ್ಲವೂ ಅಂದಿನ ದರದ ಮೇಲೆ ನಿಂತಿರುತ್ತವೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ಅದಕ್ಕೆ ಮುನ್ನ ದರ ಕುಸಿದಾಗ ಈ ಭಾಗದ ಬೆಳೆಗಾರರು ಬೀದಿಗಿಳಿದಿದ್ದರು. ಇಂಥ ಸಂತೆಯನ್ನು ಕಣ್ಣು ಮುಚ್ಚಿ ದಾಟಿಹೋಗುವುದು ಭಕ್ತಿಯಾಗಲಾರದು. ದಾರಿಯಲ್ಲಿ ಒಬ್ಬ ತೋಟದವರು ನಮ್ಮ ಮತವನ್ನು ಕೇಳದೆ ಎಳನೀರು ಕೆತ್ತಿಕೊಟ್ಟರು. ಶಿವರಾತ್ರಿಯಲ್ಲಿ ಧರ್ಮಸ್ಥಳಕ್ಕೆ ನಡೆಯುವವರಿಗೆ ಕೊಟ್ಟ ಹಾಗೆಯೇ ನಮಗೂ ಕೊಟ್ಟೆವೆಂದರು. ಬನಿಯನ್ನನ ದಾರಿಯಲ್ಲಿ ಇಂಥ ನೆರೆಯವರಿಗೆ ಸ್ಥಳ ಬಹಳ ಕಡಿಮೆ.

ಎರಡನೆಯ ಕೊರತೆ ಇನ್ನೂ ಗಾಢವಾದುದು. ಕಥೆಯ ಆರಂಭದಲ್ಲಿ ಹೆಂಡತಿ ಮಕ್ಕಳು ಹಿಂದಿನಿಂದ ಕೂಗುತ್ತಿರುವಾಗ ಯಾತ್ರಿಕನು ಕಿವಿಗಳಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ಬಾಲ್ಯದಲ್ಲಿ ಇದು ಧೀರತನವಾಗಿ ಕಂಡಿತ್ತು. ಮೊದಲ ರಾತ್ರಿ ಪಾದಗಳ ಬೊಬ್ಬೆಗೆ ಎಣ್ಣೆ ಸವರುತ್ತಾ ಆ ಪುಟವನ್ನು ಓದಿದಾಗ ನನಗೆ ಮುಂದೆ ಓದಲಾಗಲಿಲ್ಲ. ನಾನು ಆತ್ಮಶಾಂತಿಗಾಗಿ ನಡೆಯುತ್ತಿದ್ದ ಆ ಗಳಿಗೆಯಲ್ಲಿ ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದವಳು ನನ್ನ ಹೆಂಡತಿ. ಹೊರಡುವ ಮುನ್ನ ಅವಳನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ಬನಿಯನ್ನನಿಗೆ ನ್ಯಾಯ ಸಲ್ಲಿಸಬೇಕು. ಅವನು ಸಭೆ ನಡೆಸಿ ಸಾರಿದ್ದಕ್ಕಾಗಿ ಹನ್ನೆರಡು ವರ್ಷ ಬೆಡ್‌ಫರ್ಡಿನ ಸೆರೆಯಲ್ಲಿದ್ದವನು. ಮನೆಯವರನ್ನು ಅಗಲುವ ನೋವು ಅವನಿಗೆ ಕಲ್ಪನೆಯಾಗಿರಲಿಲ್ಲ. ಸುವಾರ್ತೆಯನ್ನು ನಂಬಿದ್ದಕ್ಕಾಗಿ ಮನೆಯಿಂದಲೂ ಕುಲದಿಂದಲೂ ಹೊರದೂಡಲ್ಪಟ್ಟ ನಮ್ಮ ಹಿರಿಯರು ಆ ಓಟದಲ್ಲಿ ತಮ್ಮ ಕಥೆಯನ್ನೇ ಕಂಡಿರಬೇಕು. ಅಂಥವರಿಗೆ ಅಗಲಿಕೆ ಬಲವಂತದ್ದು, ನನ್ನದು ಅನುಕೂಲದ್ದು. ಇದೇ ಗ್ರಂಥದಲ್ಲಿ ಮುಂದೆ, ಪ್ರೀತಿಯೆಂಬ ಹೆಸರಿನ ಕನ್ಯೆಯು ಮನೆಯವರನ್ನೇಕೆ ಕರೆತರಲಿಲ್ಲವೆಂದು ಪ್ರಶ್ನಿಸಿದಾಗ ಯಾತ್ರಿಕನು ಅಳುತ್ತಾನೆ. ಗ್ರಂಥದ ಅತ್ಯಂತ ಸತ್ಯವಾದ ಕಣ್ಣೀರು ಅದೆಂದು ನನ್ನ ಅಭಿಪ್ರಾಯ.

ಆ ಕಣ್ಣೀರಿಗೆ ಉತ್ತರವೋ ಎಂಬಂತೆ 1684ರಲ್ಲಿ ಬನಿಯನ್ ಎರಡನೆಯ ಭಾಗವನ್ನು ಬರೆದನು. ಅದರಲ್ಲಿ ಬಿಟ್ಟುಹೋದ ಹೆಂಡತಿಯೇ ನಾಲ್ವರು ಗಂಡುಮಕ್ಕಳನ್ನೂ ನೆರೆಮನೆಯ ತರುಣಿಯನ್ನೂ ಕರೆದುಕೊಂಡು ಹೊರಡುತ್ತಾಳೆ. ವಿಮರ್ಶಕರು ಅನೇಕರು ಇದನ್ನು ಮೊದಲ ಭಾಗಕ್ಕಿಂತ ಸಪ್ಪೆಯೆನ್ನುತ್ತಾರೆ. ಕಥೆಯ ಬಿಗಿ ಅಲ್ಲಿ ಸಡಿಲವಾಗಿರುವುದು ನಿಜ. ಆದರೆ ಆ ಸಡಿಲಕ್ಕೆ ಕಾರಣವಿದೆ: ಇಲ್ಲಿ ಮಕ್ಕಳಿಗಾಗಿ ನಿಲ್ಲಬೇಕು, ಕಾಯಿಲೆಯಾದವನಿಗೆ ಔಷಧ ಕೊಡಿಸಬೇಕು, ಊರುಗೋಲಿನವನ ಜೊತೆಗೆ ಹೆಜ್ಜೆ ಹೊಂದಿಸಬೇಕು. ಕುಟುಂಬವಾಗಿ ನಡೆಯುವವರ ಯಾತ್ರೆ ನಿಧಾನವಾಗಿಯೇ ಇರುತ್ತದೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗುವುದನ್ನು ಕಾಯಬಲ್ಲ ನಾಡಿನವರು ಇದನ್ನು ಸಪ್ಪೆಯೆಂದು ತಳ್ಳಬಾರದು.

ಎರಡನೆಯ ಭಾಗದ ಅಂತ್ಯದಲ್ಲಿ ತಾಯಿ ನದಿಯನ್ನು ದಾಟುತ್ತಾಳೆ. ಮಕ್ಕಳು ಈಚೆಯ ದಡದಲ್ಲೇ ಉಳಿದು ಅಲ್ಲಿನ ಸಭೆಯನ್ನು ಬೆಳೆಸುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಬದುಕುವ ಕ್ರೈಸ್ತ ಕುಟುಂಬಗಳು ಆ ಈಚೆಯ ದಡದ ಮಕ್ಕಳೇ ಅಲ್ಲವೇ?

ಮನೆಯಲ್ಲಿ ಈ ಗ್ರಂಥವಿರುವವರು ಅದನ್ನು ಮತ್ತೆ ತೆಗೆದು ಓದಿರಿ. ಎರಡನೆಯ ಭಾಗವೂ ದೊರೆತರೆ ಮಕ್ಕಳನ್ನು ಕೂಡಿಸಿಕೊಂಡು ಓದಿರಿ. ನಾನು ತಿಪಟೂರಿನಿಂದ ಹಿಂದಿರುಗಿದ ರಾತ್ರಿ ಹೆಂಡತಿಯನ್ನು ಮಲಗಲು ಕಳುಹಿಸಿ ತಾಯಿಯ ಬಳಿ ಕುಳಿತೆನು. ನಡುರಾತ್ರಿ ಅವರು ಎರಡು ಬಾರಿ ಕೂಗಿದರು. ಎರಡು ಬಾರಿಯೂ ಎದ್ದೆನು.