ಆಟೋಸ್ಕೇಲಿಂಗ್ ನಿಯಮಗಳೂ ಸಾಕ್ಷ್ಯವಿಮರ್ಶೆಯೂ: ಒಂದು ವರದಿಯ ಪರಿಶೀಲನೆ

೧

ಇತಿಹಾಸವನ್ನು ಬೋಧಿಸುವವರು ಸರ್ವರುಗಳ ವಿಚಾರವನ್ನು ಕೈಗೆತ್ತಿಕೊಳ್ಳುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಈ ಲೇಖನಕ್ಕೆ ವಿಷಯವಾದುದು ಯಂತ್ರವಲ್ಲ, ಒಂದು ದಾಖಲೆ. ಕಚೇರಿಗಳ ನೌಕರರು ಪರಸ್ಪರ ಸಂದೇಶ ಕಳುಹಿಸಲು ಬಳಸುವ ಸ್ಲ್ಯಾಕ್ ಎಂಬ ಸೇವೆ ೨೦೨೧ನೆಯ ಇಸವಿ ಜನವರಿ ೪ರಂದು ಕೆಲವು ಗಂಟೆಗಳ ಕಾಲ ಕೆಟ್ಟು ನಿಂತಿತು. ಅದನ್ನು ನಡೆಸುವ ಇಂಜಿನಿಯರುಗಳು ನಡೆದುದನ್ನೆಲ್ಲ ಗಂಟೆ ನಿಮಿಷಗಳ ಸಹಿತ ಬರೆದು ಅದೇ ವರ್ಷ ಪ್ರಕಟಿಸಿದರು. ತಮ್ಮ ಸೋಲನ್ನು ತಾವೇ ದಾಖಲಿಸಿದವರು ಇತಿಹಾಸದಲ್ಲಿ ವಿರಳ. ಹೀಗಿರುವುದರಿಂದ ಆ ವರದಿಯನ್ನು ನಾವು ಒಂದು ಚಾರಿತ್ರಿಕ ಆಕರವೆಂದೇ ಭಾವಿಸಿ ಓದಿದ್ದೇವೆ.

ಓದಿದ ಮೇಲೆ ನಮಗೆ ಮನವರಿಕೆಯಾದ ಸಂಗತಿ ಇಷ್ಟು: ಆಟೋಸ್ಕೇಲಿಂಗ್ ನಿಯಮವನ್ನು ಬರೆಯುವುದೆಂದರೆ ಸಾಕ್ಷ್ಯದಿಂದ ತೀರ್ಮಾನಕ್ಕೆ ಹೋಗುವ ದಾರಿಯನ್ನು ಮುಂಚಿತವಾಗಿಯೇ ಗೊತ್ತುಮಾಡಿ ಇಡುವುದು. ಆದುದರಿಂದ ಆಕರಗಳ ವಿಮರ್ಶೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಯಾವ ಎಚ್ಚರಗಳನ್ನು ಹೇಳಿಕೊಡುತ್ತೇವೆಯೋ ಅವೇ ಎಚ್ಚರಗಳು ಇಲ್ಲಿಯೂ ಬೇಕು. ಅವು ತಪ್ಪಿದಲ್ಲಿ, ನಮ್ಮಲ್ಲಿ ಒಂದು ಪ್ರಬಂಧ ಕೆಡುವಂತೆ, ಅಲ್ಲಿ ಲಕ್ಷಾಂತರ ಜನರ ಒಂದು ದಿನದ ಕೆಲಸವೇ ಕೆಡುತ್ತದೆ.

೨

ವಿಷಯಕ್ಕೆ ಹೊಸಬರಾದ ಓದುಗರಿಗಾಗಿ ಮೊದಲು ಪೂರ್ವಪೀಠಿಕೆಯನ್ನು ಹೇಳುವುದು ಯುಕ್ತ. ಬೇಡಿಕೆಗೆ ತಕ್ಕಂತೆ ತನ್ನನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರದ ಕಲ್ಪನೆ ಹೊಸದಲ್ಲ. ೧೭೮೮ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಗವರ್ನರ್ ಎಂಬ ಸಾಧನವನ್ನು ಅಳವಡಿಸಿದನು. ವೇಗ ಹೆಚ್ಚಿದಾಗ ಅದರ ಗುಂಡುಗಳು ಹೊರಕ್ಕೆ ಹಾರಿ ಉಗಿಯನ್ನು ತಗ್ಗಿಸುತ್ತಿದ್ದವು. ಇಂಥ ಸಾಧನಗಳು ಕೆಲವೊಮ್ಮೆ ವೇಗವನ್ನು ಸ್ಥಿರಗೊಳಿಸುವುದಕ್ಕೆ ಬದಲಾಗಿ ಏರಿಳಿತಕ್ಕೆ ಸಿಕ್ಕಿಸುವುದುಂಟು. ಅದರ ಗಣಿತವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ೧೮೬೮ರಲ್ಲಿ ವಿವರಿಸಿದನು. ಎಷ್ಟು ಕರೆಗಳಿಗೆ ಎಷ್ಟು ಟೆಲಿಫೋನ್ ತಂತಿಗಳು ಬೇಕೆಂಬ ಪ್ರಶ್ನೆಯನ್ನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ೧೯೦೯ ಮತ್ತು ೧೯೧೭ರ ಪ್ರಬಂಧಗಳಲ್ಲಿ ಸಂಭವಶಾಸ್ತ್ರದಿಂದ ಬಿಡಿಸಿದನು.

೨೦೦೬ರಲ್ಲಿ ಅಮೆಜಾನ್ ಸಂಸ್ಥೆ ತನ್ನ ಸರ್ವರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿತು. ೨೦೦೯ರಲ್ಲಿ, ಬೇಡಿಕೆಗೆ ತಕ್ಕಂತೆ ಆ ಸರ್ವರುಗಳ ಸಂಖ್ಯೆಯನ್ನು ತಾನಾಗಿ ಏರಿಸಿ ಇಳಿಸುವ ವ್ಯವಸ್ಥೆಯನ್ನೂ ಒದಗಿಸಿತು. ಇದೇ ಆಟೋಸ್ಕೇಲಿಂಗ್. ಇದರ ಸ್ವರೂಪ ಸರಳ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಸರ್ವರುಗಳಿರಬೇಕು ಎಂಬ ಎರಡು ಮೇರೆಗಳು, ಯಾವುದನ್ನು ಅಳೆಯಬೇಕೆಂಬ ಒಂದು ಮಾನ, ಆ ಮಾನ ಎಲ್ಲಿ ನಿಲ್ಲಬೇಕೆಂಬ ಒಂದು ಗುರಿ, ಇಷ್ಟನ್ನು ಬರೆದಿಟ್ಟರೆ ಆಯಿತು. ಸಿಪಿಯು ಬಳಕೆಯ ಗುರಿ ಶೇಕಡಾ ೬೦ ಎಂದಿಟ್ಟುಕೊಳ್ಳೋಣ. ಹತ್ತು ಸರ್ವರುಗಳು ಶೇಕಡಾ ೯೦ರಷ್ಟು ದುಡಿಯುತ್ತಿದ್ದರೆ ಹದಿನೈದು ಬೇಕೆಂಬುದು ತ್ರೈರಾಶಿಯ ಲೆಕ್ಕ. ಇಂದು ಬಹುವಾಗಿ ಬಳಕೆಯಲ್ಲಿರುವ ಕುಬರ್ನೆಟೀಸ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಪ್ರತಿ ೧೫ ಸೆಕೆಂಡಿಗೊಮ್ಮೆ ಇದೇ ಲೆಕ್ಕವನ್ನು ಮಾಡುತ್ತದೆ. ಇಳಿಸುವಾಗ ಮಾತ್ರ ಹಿಂದಿನ ೫ ನಿಮಿಷಗಳ ಲೆಕ್ಕಗಳಲ್ಲಿ ಅತಿ ಹೆಚ್ಚಿನದನ್ನೇ ಹಿಡಿಯುತ್ತದೆ. ಮ್ಯಾಕ್ಸ್‌ವೆಲ್ ಗಣಿತಕ್ಕೆ ತಂದ ಏರಿಳಿತದ ಭಯವೇ ಈ ಸಾವಧಾನಕ್ಕೆ ಕಾರಣ.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ‘ಸ್ವಯಂಚಾಲಿತ’ ಎಂಬ ವಿಶೇಷಣ ನಮ್ಮನ್ನು ದಾರಿ ತಪ್ಪಿಸುವಂಥದು. ಏರಿಸುವ ಇಳಿಸುವ ಕ್ರಿಯೆ ಮಾತ್ರ ಸ್ವಯಂಚಾಲಿತ. ಶೇಕಡಾ ೬೦ ಎಂಬುದೂ ೫ ನಿಮಿಷ ಎಂಬುದೂ ಮನುಷ್ಯನ ತೀರ್ಮಾನಗಳು. ಇನ್ನು ಸಿಪಿಯುವನ್ನೇ ಅಳೆಯಬೇಕೆಂಬುದಂತೂ ಎಲ್ಲಕ್ಕಿಂತ ದೊಡ್ಡ ತೀರ್ಮಾನ.

೩

ಈಗ ವರದಿಯು ಹೇಳುವ ಕಥೆಯನ್ನು ನೋಡೋಣ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಜೆ ಮುಗಿದು ಜನ ಕೆಲಸಕ್ಕೆ ಮರಳಿದ ಮೊದಲ ಸೋಮವಾರ ಅದು. ಬೆಳಗಿನ ೬ ಗಂಟೆಯ ಸುಮಾರಿಗೆ (ಅಮೆರಿಕದ ಪಶ್ಚಿಮ ಕರಾವಳಿಯ ಕಾಲಮಾನ) ದೋಷಗಳು ಕಾಣಿಸಿಕೊಂಡವು. ಸ್ಲ್ಯಾಕ್ ಬಾಡಿಗೆಗೆ ಪಡೆದಿದ್ದ ಅಮೆಜಾನ್ ಜಾಲದ ಭಾಗಗಳನ್ನು ಬೆಸೆಯುವ ಟ್ರಾನ್ಸಿಟ್ ಗೇಟ್‌ವೇ ಎಂಬ ಕೊಂಡಿಗಳು ಒಮ್ಮೆಲೇ ಏರಿದ ಹೊರೆಯನ್ನು ತಾಳಲಾರದೆ ಪ್ಯಾಕೆಟ್ಟುಗಳನ್ನು ಕೈಬಿಡತೊಡಗಿದ್ದವು. ಆ ಕೊಂಡಿಗಳೂ ತಾವಾಗಿಯೇ ವಿಸ್ತಾರಗೊಳ್ಳಬೇಕಾದವು. ಆದರೆ ಸಾಕಷ್ಟು ಬೇಗ ವಿಸ್ತಾರಗೊಳ್ಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸ್ಥಿತಿಗತಿಗಳನ್ನು ತೋರಿಸುವ ಫಲಕಗಳೂ ಅದೇ ಜಾಲದೋಷದಿಂದ ಕಣ್ಮರೆಯಾದವು.

ಮುಂದೆ ನಡೆದುದು ಗಮನಾರ್ಹ. ಜಾಲ ಕೆಟ್ಟುದರಿಂದ ವೆಬ್ ಸರ್ವರುಗಳು ಉತ್ತರಕ್ಕಾಗಿ ಕಾಯುತ್ತ ಕುಳಿತವು. ಕಾಯುವವನಿಗೆ ಕೆಲಸವಿಲ್ಲ, ಸಿಪಿಯು ಬಳಕೆ ಇಳಿಯಿತು. ಬಳಕೆ ಇಳಿದುದನ್ನು ಕಂಡ ಆಟೋಸ್ಕೇಲಿಂಗ್ ನಿಯಮ, ಬೇಡಿಕೆ ಕಡಿಮೆಯಾಯಿತೆಂದು ತಿಳಿದು ಸರ್ವರುಗಳನ್ನು ತೆಗೆದುಹಾಕಲಾರಂಭಿಸಿತು. ಹಲವು ಇಂಜಿನಿಯರುಗಳು ಸರ್ವರುಗಳೊಳಗೆ ಹೊಕ್ಕು ದೋಷವನ್ನು ಹುಡುಕುತ್ತಿದ್ದಂತೆಯೇ ಆ ಸರ್ವರುಗಳೇ ತೆಗೆದುಹಾಕಲ್ಪಟ್ಟವು. ಇಳಿಸುವ ಕ್ರಿಯೆಯನ್ನು ಕೈಯಿಂದಲೇ ನಿಲ್ಲಿಸಬೇಕಾಯಿತು.

ಸ್ಲ್ಯಾಕಿನವರು ಎರಡನೆಯ ಮಾನವೊಂದನ್ನೂ ಇಟ್ಟಿದ್ದರು: ಕೋರಿಕೆಗಳನ್ನು ನಿರ್ವಹಿಸುವ ಥ್ರೆಡ್ಡುಗಳಲ್ಲಿ ಎಷ್ಟು ಹಿಡಿದಿವೆಯೆಂಬ ಲೆಕ್ಕ. ಕಾಯುವಿಕೆ ಬೆಳೆದಂತೆ ಥ್ರೆಡ್ಡುಗಳೆಲ್ಲ ಹಿಡಿದುಹೋಗಿ ಈ ಮಾನ ಮೇಲೇರಿತು. ಈಗ ನಿಯಮ ತಿರುಗಿಬಿದ್ದು ೭ ಗಂಟೆ ೧ ನಿಮಿಷದಿಂದ ೭ ಗಂಟೆ ೧೫ ನಿಮಿಷದೊಳಗೆ ೧,೨೦೦ ಹೊಸ ಸರ್ವರುಗಳನ್ನು ಸೇರಿಸಲು ಹೊರಟಿತು. ಹೊಸ ಸರ್ವರುಗಳನ್ನು ಸಜ್ಜುಗೊಳಿಸುವ ಒಳಸೇವೆಯೂ ಅದೇ ಕೆಟ್ಟ ಜಾಲವನ್ನೇ ನಂಬಿತ್ತು. ಏಕಕಾಲಕ್ಕೆ ತೆರೆಯಬಹುದಾದ ಫೈಲುಗಳ ಮಿತಿಯನ್ನು ಅದು ಮುಟ್ಟಿತು; ಅಮೆಜಾನ್ ವಿಧಿಸಿದ್ದ ಒಂದು ಕೋಟಾವನ್ನೂ ಮೀರಿತು. ಸರ್ವರುಗಳು ಹುಟ್ಟಿದವು, ಆದರೆ ಬಹುಪಾಲು ಸಜ್ಜಾಗಲಿಲ್ಲ. ಸಜ್ಜಾಗದ ಇವೂ ಲೆಕ್ಕಕ್ಕೆ ಸೇರಿ ಗರಿಷ್ಠ ಮೇರೆ ತುಂಬಿಹೋಯಿತು. ದುಡಿಯುವವು ಸಾಲದೆ ಇದ್ದಾಗಲೇ ಇನ್ನು ಸೇರಿಸಲು ಸ್ಥಳವಿಲ್ಲವೆಂಬ ಸ್ಥಿತಿ ಬಂತು. ೮ ಗಂಟೆ ೧೫ ನಿಮಿಷದ ವೇಳೆಗೆ ಒಳಸೇವೆ ಸರಿಹೋಯಿತು. ಅಮೆಜಾನಿನವರು ಕೊಂಡಿಗಳ ಸಾಮರ್ಥ್ಯವನ್ನು ಕೈಯಿಂದಲೇ ಹೆಚ್ಚಿಸಿ ಎಲ್ಲೆಡೆ ಮುಟ್ಟಿಸುವಷ್ಟರಲ್ಲಿ ೧೦ ಗಂಟೆ ೪೦ ನಿಮಿಷವಾಗಿತ್ತು.

೪

ಇಲ್ಲಿ ನಡೆದ ತಪ್ಪುಗಳು ನಮಗೆ ಅಪರಿಚಿತವಲ್ಲ. ಮೊದಲನೆಯದು, ಮೌನವನ್ನು ಅಭಾವವೆಂದು ಓದಿದುದು. ಒಂದು ಊರಿನಲ್ಲಿ ಶಾಸನ ದೊರೆಯಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಜನವಸತಿಯೇ ಇರಲಿಲ್ಲವೆಂದು ಬರೆದ ವಿದ್ಯಾರ್ಥಿಯನ್ನು ನಾವು ತಿದ್ದುತ್ತೇವೆ. ಕಲ್ಲು ಒಡೆದಿರಬಹುದು, ಮಣ್ಣಿನಲ್ಲಿ ಹೂತಿರಬಹುದು, ಕೆತ್ತಿಸುವ ಶಕ್ತಿಯೇ ಜನರಿಗೆ ಇಲ್ಲದಿರಬಹುದು. ಸಿಪಿಯುವಿನ ಮೌನಕ್ಕೂ ಎರಡು ಅರ್ಥಗಳಿದ್ದವು: ಕೇಳುವವರಿಲ್ಲ, ಅಥವಾ ಕೇಳಿದವರಿಗೆ ಉತ್ತರ ಕೊಡಲಾಗುತ್ತಿಲ್ಲ. ನಿಯಮಕ್ಕೆ ಒಂದೇ ಅರ್ಥವನ್ನು ಕಲಿಸಲಾಗಿತ್ತು. ಸಿಪಿಯು ಬಳಕೆ ಬೇಡಿಕೆಯಲ್ಲ. ಬೇಡಿಕೆಯ ಒಂದು ಕುರುಹು. ಕುರುಹನ್ನೂ ವಸ್ತುವನ್ನೂ ಬೆಸೆದಿರುವ ನಂಟು ನೆಟ್ಟಗಿರುವಷ್ಟು ಕಾಲ ಮಾತ್ರ ಅದಕ್ಕೆ ಬೆಲೆ.

ಎರಡನೆಯದು, ಸಾಕ್ಷಿಗಳಲ್ಲಿ ವಿರೋಧ ಬಂದಾಗ ಆ ವಿರೋಧವನ್ನೇ ಸಾಕ್ಷ್ಯವೆಂದು ಗಣಿಸದುದು. ಸಿಪಿಯು ಬಿಡುವಾಗಿರುವಾಗಲೇ ಥ್ರೆಡ್ಡುಗಳೆಲ್ಲ ಹಿಡಿದಿವೆಯೆಂದರೆ, ತೊಡಕು ಸರ್ವರಿನಲ್ಲಿಲ್ಲ, ಅದರ ಹಿಂದೆ ಎಲ್ಲಿಯೋ ಇದೆಯೆಂಬುದು ಸ್ವತಃ ವಿದಿತ. ಎರಡು ಮಾನಗಳನ್ನೂ ಒಟ್ಟಿಗೆ ಓದಿದ್ದರೆ ದೊರೆಯಬಹುದಾಗಿದ್ದ ಅರಿವು, ಒಂದರ ಮಾತನ್ನು ಕೇಳಿ ಇಳಿಸಿ, ಇನ್ನೊಂದರ ಮಾತನ್ನು ಕೇಳಿ ಏರಿಸಿದುದರಿಂದ ದೊರೆಯಲಿಲ್ಲ.

ಮೂರನೆಯದು, ಗಣತಿಯ ದೋಷ. ಕಡತದಲ್ಲಿ ನೂರು ಕೆರೆಗಳಿವೆಯೆಂದು ಓದಿ, ಒಡೆದವೆಷ್ಟು, ಹೂಳು ತುಂಬಿದವೆಷ್ಟು ಎಂದು ವಿಚಾರಿಸದೆ ಆ ಸೀಮೆಯ ನೀರಾವರಿಯನ್ನು ವರ್ಣಿಸುವವನಂತೆ, ಗರಿಷ್ಠ ಮೇರೆಯು ಹೆಸರುಗಳನ್ನು ಎಣಿಸಿತು, ದುಡಿಮೆಯನ್ನು ಎಣಿಸಲಿಲ್ಲ.

ನಾಲ್ಕನೆಯದು ಪೂರ್ವನಿದರ್ಶನದ ಮೇಲಿನ ಭರವಸೆ. ಹಿಂದಿನ ವರ್ಷಗಳಲ್ಲಿ ರಜೆಯ ನಂತರದ ಹೊರೆಯನ್ನು ತಮ್ಮ ವ್ಯವಸ್ಥೆ ಯಾವಾಗಲೂ ಹೊತ್ತಿತ್ತೆಂದು ವರದಿ ಹೇಳುತ್ತದೆ. ಅದು ನಿಜವಿರಬಹುದು. ಆದರೆ ಆ ಅನುಭವ ಅವರ ಸ್ವಂತ ಸರ್ವರುಗಳದು. ದಾರಿಯಲ್ಲಿದ್ದ ಕೊಂಡಿಗಳು ಇತರರವು. ವರ್ಷದ ಅತ್ಯಂತ ನಿಶ್ಶಬ್ದವಾದ ವಾರದಿಂದ ಅತ್ಯಂತ ಗದ್ದಲದ ದಿನಗಳಲ್ಲೊಂದಕ್ಕೆ ಒಂದೇ ರಾತ್ರಿಯಲ್ಲಿ ಹಾಯುವ ಸಂಗತಿ ಪಂಚಾಂಗದಲ್ಲಿ ಬರೆದಿತ್ತು, ನಿಯಮದಲ್ಲಿ ಬರೆದಿರಲಿಲ್ಲ.

೫

ವರದಿಯ ಗುಣದೋಷಗಳನ್ನು ಈಗ ತೂಗಬಹುದು. ಅದರ ಮೊದಲ ಗುಣ ನಿಷ್ಠೆ. ತಮಗೆ ಅವಮಾನಕರವಾದ ವಿವರಗಳನ್ನು ಅದು ಮುಚ್ಚಿಲ್ಲ. ವ್ಯಕ್ತಿಗಳ ಮೇಲೆ ತಪ್ಪನ್ನು ಹೊರಿಸಿಲ್ಲ. ಎರಡನೆಯ ಗುಣ ಕಾಲಾನುಕ್ರಮದ ನಿಖರತೆ. ಮೂರನೆಯದಾಗಿ, ವ್ಯವಸ್ಥೆಯಲ್ಲಿ ಸರಿಯಾಗಿ ನಡೆದುದನ್ನೂ ಅದು ಬಿಡದೆ ಹೇಳುತ್ತದೆ. ಹೆಚ್ಚಿನ ಸರ್ವರುಗಳು ಆರೋಗ್ಯಪರೀಕ್ಷೆಯಲ್ಲಿ ತಪ್ಪಿದಾಗ ಅವರ ಲೋಡ್ ಬ್ಯಾಲೆನ್ಸರುಗಳು ಪರೀಕ್ಷೆಯ ಫಲವನ್ನೇ ಬದಿಗಿಟ್ಟು ಎಲ್ಲ ಸರ್ವರುಗಳಿಗೂ ಕೋರಿಕೆಗಳನ್ನು ಹಂಚಿದವು. ಈ ವಿಧಾನಕ್ಕೆ ‘ಪ್ಯಾನಿಕ್ ಮೋಡ್’ ಎಂದು ಹೆಸರು. ಹೆಸರು ಗಾಬರಿಯನ್ನು ಸೂಚಿಸಿದರೂ ವಸ್ತುತಃ ಇದು ವಿವೇಕ: ಇಷ್ಟೊಂದು ಮಂದಿ ಒಟ್ಟಿಗೆ ಸತ್ತಿದ್ದಾರೆಂದು ಸಾಕ್ಷಿ ಹೇಳಿದರೆ, ಸಾಕ್ಷಿಯನ್ನೇ ಮೊದಲು ಶಂಕಿಸಬೇಕು. ಇಡೀ ಪ್ರಸಂಗದಲ್ಲಿ ತನ್ನ ಆಕರವನ್ನು ತಾನೇ ಪ್ರಶ್ನಿಸಿದ ನಿಯಮ ಇದೊಂದೇ. ಸೇವೆ ಚೇತರಿಸಿಕೊಳ್ಳಲು ಇದು ನೆರವಾದುದು ಆಕಸ್ಮಿಕವಲ್ಲ.

ವರದಿಯ ಕೊರತೆ ಬೇರೆಡೆ ಇದೆ. ಮೂಲಕಾರಣವನ್ನು ಅದು ಜಾಲದ ಕೊಂಡಿಯಲ್ಲಿ ಕಾಣುತ್ತದೆ. ಇದು ಸರಿ. ಆದರೆ ಒಳಸೇವೆಯನ್ನು ಉಸಿರುಗಟ್ಟಿಸಿದುದು ಜಾಲದೋಷವೊಂದೇ ಅಲ್ಲ; ೧,೨೦೦ ಸರ್ವರುಗಳ ಒಮ್ಮೆಲೇ ಬಂದ ಹೊರೆಯೂ ಅದರಲ್ಲಿ ಪಾಲುದಾರ. ಆ ಹೊರೆಯನ್ನು ಹೇರಿದುದು ಅವರೇ ಬರೆದ ನಿಯಮ. ಸಿಪಿಯುವನ್ನು ಬೇಡಿಕೆಯ ಪ್ರತಿನಿಧಿಯೆಂದು ಒಪ್ಪಿದುದು ಸರಿಯೇ ಎಂಬ ಪ್ರಶ್ನೆಯನ್ನು ವರದಿ ಬಿಡಿಸಿ ಚರ್ಚಿಸುವುದಿಲ್ಲ. ಸಂಗತಿಯನ್ನು ಹೇಳಿ ಮುಂದೆ ಸಾಗುತ್ತದೆ. ಕಿಡಿಯನ್ನು ವಿವರಿಸಿದಷ್ಟು ವಿಸ್ತಾರವಾಗಿ ಹುಲ್ಲಿನ ಬಣವೆಯನ್ನು ವಿವರಿಸಿಲ್ಲವೆನ್ನಬಹುದು. ಮುಂದಿನ ರಜೆಯ ಕೊನೆಗೆ ಕೊಂಡಿಗಳ ಸಾಮರ್ಥ್ಯವನ್ನು ಮೊದಲೇ ಹೆಚ್ಚಿಸುವಂತೆ ಕೇಳಲು ಜ್ಞಾಪನೆಯೊಂದನ್ನು ಬರೆದಿಟ್ಟುಕೊಂಡಿದ್ದೇವೆಂದು ಅವರು ಹೇಳುತ್ತಾರೆ. ಮಾತಿನಲ್ಲಿ ವಿನೋದವಿದೆ, ಆದರೆ ಒಪ್ಪಿಗೆಯೂ ಇದೆ: ಸ್ವಯಂಚಾಲನೆ ಸೋತ ಸ್ಥಳದಲ್ಲಿ ಕೊನೆಗೆ ನಿಂತುದು ಮನುಷ್ಯನ ನೆನಪು.

೬

ಇಲ್ಲಿ ಪೂರ್ವಪಕ್ಷವೊಂದನ್ನು ಎದುರಿಸದೆ ಮುಗಿಸುವುದು ನ್ಯಾಯವಲ್ಲ. ಮನುಷ್ಯನ ತೀರ್ಮಾನಕ್ಕೆ ಇಷ್ಟು ಬೆಲೆ ಕಟ್ಟುವುದೇಕೆಂದು ಕೇಳುವವರುಂಟು. ಗೂಗಲ್ ಸಂಸ್ಥೆಯ ಸಂಶೋಧಕರು ‘ಆಟೋಪೈಲಟ್’ ಎಂಬ ತಮ್ಮ ವ್ಯವಸ್ಥೆಯ ವಿಚಾರವಾಗಿ ೨೦೨೦ರಲ್ಲಿ ಪ್ರಕಟಿಸಿದ ಪ್ರಬಂಧ ಅವರ ಪರವಾಗಿದೆ. ಮನುಷ್ಯರು ಕೈಯಿಂದ ಮಿತಿ ಗೊತ್ತುಮಾಡಿದ ಕೆಲಸಗಳಲ್ಲಿ, ಕೇಳಿ ಪಡೆದೂ ಬಳಸದೆ ಉಳಿದ ಭಾಗ ಶೇಕಡಾ ೪೬. ಆಟೋಪೈಲಟ್ ಗೊತ್ತುಮಾಡಿದಲ್ಲಿ ಶೇಕಡಾ ೨೩. ಮೆಮೊರಿ ಸಾಲದೆ ತೀವ್ರವಾಗಿ ತೊಂದರೆಗೊಳಗಾದ ಕೆಲಸಗಳೂ ಹತ್ತರಲ್ಲೊಂದು ಪಾಲಿಗೆ ಇಳಿದವು. ದಿನನಿತ್ಯದ ಲೆಕ್ಕದಲ್ಲಿ ಯಂತ್ರವೇ ಮೇಲೆಂಬುದನ್ನು ನಾವು ನಿರಾಕರಿಸುವುದಿಲ್ಲ.

ನಮ್ಮ ವಾದ ಅದಕ್ಕೆ ವಿರುದ್ಧವಲ್ಲ. ಲೆಕ್ಕವನ್ನು ಯಂತ್ರಕ್ಕೆ ಬಿಡಬಹುದು. ಆಕರದ ಯೋಗ್ಯತೆಯನ್ನು ಪರೀಕ್ಷಿಸುವ ಹೊಣೆಯನ್ನು ಬಿಡಲಾಗದು. ಆ ಪರೀಕ್ಷೆಯ ಒಂದಂಶ ನಿಯಮಗಳಲ್ಲಿಯೇ ಸೇರಿರುವುದು ಸಂತೋಷದ ಸಂಗತಿ. ಕುಬರ್ನೆಟೀಸ್ ವ್ಯವಸ್ಥೆಯಲ್ಲಿ ಹಲವು ಮಾನಗಳನ್ನು ಕೊಟ್ಟರೆ ಅವುಗಳಲ್ಲಿ ಅತಿ ಹೆಚ್ಚು ಕೇಳಿದುದೇ ಗೆಲ್ಲುತ್ತದೆ. ಒಂದು ಮಾನ ದೊರೆಯದೆ ಹೋಗಿ, ಉಳಿದವು ಇಳಿಸೆಂದು ಹೇಳಿದರೆ, ಅದು ಇಳಿಸುವುದೇ ಇಲ್ಲ. ಅಮೆಜಾನಿನ ವ್ಯವಸ್ಥೆಯಲ್ಲಿಯೂ, ಗುರಿಯನ್ನು ಹಿಂಬಾಲಿಸುವ ನಿಯಮಗಳು ಹಲವಿದ್ದರೆ, ಏರಿಸಲು ಒಂದು ಸಾಕು, ಇಳಿಸಲು ಎಲ್ಲವೂ ಒಪ್ಪಬೇಕು. ಸೇರಿಸಿದ ತಪ್ಪಿಗೆ ಬೆಲೆ ಹಣ, ತೆಗೆದ ತಪ್ಪಿಗೆ ಬೆಲೆ ಸೇವೆಯೇ, ಎಂಬ ವಿವೇಕ ಇದರಲ್ಲಡಗಿದೆ. ಆದರೂ ಎಲ್ಲ ಸಾಕ್ಷಿಗಳೂ ಒಂದೇ ಬಾವಿಯ ನೀರು ಕುಡಿದಿದ್ದರೆ ಅವುಗಳ ಒಮ್ಮತಕ್ಕೆ ಬೆಲೆಯಿಲ್ಲ. ಎರಡನೆಯ ಸಾಕ್ಷಿ ಬಾಯಿ ಬಿಡುವ ಮೊದಲೇ ಮೊದಲನೆಯದರ ಮಾತು ನಡೆದುಹೋದುದನ್ನು ಜನವರಿ ೪ರ ಬೆಳಿಗ್ಗೆ ಕಂಡಿದ್ದೇವೆ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಇಂಥ ನಿಯಮಗಳನ್ನು ಬರೆಯುವ ಉದ್ಯೋಗಕ್ಕೆ ಹೋಗುವವರೇ. ಅವರು ಅಂಕಿಗಳನ್ನು ತುಂಬುವ ಮೊದಲು ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಈ ಮಾನ ನನಗೆ ಬೇಕಾದುದನ್ನೇ ಹೇಳುತ್ತಿದೆಯೆ, ಅದರ ಕುರುಹನ್ನು ಮಾತ್ರವೆ? ಅದು ಇಳಿದರೆ ಎಷ್ಟು ಅರ್ಥಗಳು ಸಾಧ್ಯ? ಗರಿಷ್ಠ ಮೇರೆ ಎಣಿಸುವುದು ಹೆಸರುಗಳನ್ನೆ, ದುಡಿಮೆಯನ್ನೆ? ಪಂಚಾಂಗ ಬಲ್ಲ ಯಾವ ಸಂಗತಿ ನನ್ನ ನಿಯಮಕ್ಕೆ ಗೊತ್ತಿಲ್ಲ? ಫಲಿತಾಂಶ ಪ್ರಕಟವಾಗುವ ಬೆಳಿಗ್ಗೆ ಯಾವ ಹೊರೆ ಬರುವುದೆಂದು ಪ್ರತಿಯೊಬ್ಬ ಅಧ್ಯಾಪಕನಿಗೂ ತಿಳಿದಿರುತ್ತದೆ. ಹಿಂದಿನ ಐದು ನಿಮಿಷಗಳನ್ನು ಮಾತ್ರ ನೋಡುವ ನಿಯಮಕ್ಕೆ ತಿಳಿದಿರುವುದಿಲ್ಲ. ತೂಬು ಎತ್ತುವ ನೀರಗಂಟಿ ಕೆರೆಯ ಮಟ್ಟವನ್ನಷ್ಟೇ ನೋಡುವವನಲ್ಲ. ಯಾವ ಗದ್ದೆಯಲ್ಲಿ ನಾಟಿ ಯಾವಾಗಲೆಂಬುದನ್ನೂ ಬಲ್ಲವನು. ಆ ಬಲ್ಲವಿಕೆಯನ್ನು ನಿಯಮದೊಳಕ್ಕೆ ತರುವ ಕೆಲಸ ಇಂಜಿನಿಯರುಗಳದಾದರೂ, ಅದಕ್ಕೆ ಬೇಕಾದ ಮನೋಧರ್ಮವನ್ನು ಬೆಳೆಸುವ ಕೆಲಸದಲ್ಲಿ ಇತಿಹಾಸದ ತರಗತಿಗೂ ಒಂದು ಪಾಲಿದೆಯೆಂದು ನಾವು ನಂಬುತ್ತೇವೆ.